ಮುಟ್ಟಿ, ಮೂಸಿ ನೋಡುವ ಸಿನಿಮಾ ಮಾಡೋಣ

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಕಡೆ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಆ ಊರುಗಳಲ್ಲಿ ವಿಶೇಷ ಆರೈಕೆ ಬೇಕಾದ ಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆ ಎಂದು ಕಾಸರಗೋಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ಇಂಥ ಮಕ್ಕಳಿಗಾಗಿ ಇರುವ ಪಂಚಾಯತ್‌ನ ಬಡ್ಸ್ ಶಾಲೆಯಲ್ಲಿ ಅವರೆದುರು ಸುಮ್ನೆ ಟಿವಿ ಹಾಕಿಟ್ಟರೆ ಏನು ಸಿಕ್ಕೀತು? ಒಬ್ಬನಿಗೆ ಕಣ್ಣು ಮಂಜು, ಇನ್ನೊಬ್ಬಳಿಗೆ ಕಿವಿ ಕೇಳದು. ಅವರ ಮೂಗಿಗೆ, ಅಂಗೈಗೆ, ಪಾದಕ್ಕೆ ತಲುಪುವ ಸಿನಿಮಾ ಬೇಕು. ಒಂದು ಮೊಬೈಲ್, ಬಾಡಿಗೆಗೆ ತಂದ ಪ್ರೊಜೆಕ್ಟರ್ ಮತ್ತು ತಾಳ್ಮೆ ಇದ್ದರೆ ನಾವೇ ಮಾಡಬಹುದು.

ಮೊದಲು ಕಥೆ. ದೊಡ್ಡ ಕಥೆ ಬೇಡ. ‘ತೋಟಕ್ಕೆ ಮಳೆ ಬಂತು’ ಅಷ್ಟೇ ಸಾಕು. ಗಾಳಿ ಬೀಸಿತು, ಹನಿ ಬಿತ್ತು, ಮಣ್ಣು ಘಮ್ಮೆಂದಿತು, ಜಡಿಮಳೆ ಹೊಯ್ದಿತು, ಬಿಸಿಲು ಬಂತು. ಒಂದೊಂದು ಘಟನೆಗೆ ಒಂದೊಂದೇ ಅನುಭವ. ಗಾಳಿ, ನೀರು, ವಾಸನೆ ಎಲ್ಲ ಒಟ್ಟಿಗೆ ಬಂದರೆ ಮಗು ಗಾಬರಿಯಾಗುತ್ತದೆ.

ಚಿತ್ರೀಕರಣಕ್ಕೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ. ಒಂದು ಶಾಟ್‌ನಲ್ಲಿ ಒಂದೇ ವಸ್ತು ಇರಲಿ. ಕಪ್ಪು ಬಟ್ಟೆಯ ಮುಂದೆ ನಿಧಾನ ತಿರುಗುವ ಕೆಂಪು ಕೊಡೆ, ಇಪ್ಪತ್ತು ಸೆಕೆಂಡ್. ಮಿದುಳಿನ ತೊಂದರೆಯಿಂದ ದೃಷ್ಟಿ ಕುಂದಿದ ಎಷ್ಟೋ ಮಕ್ಕಳಿಗೆ ಕೆಂಪು, ಹಳದಿ ಮತ್ತು ಅಲುಗಾಡುವ ವಸ್ತು ಬೇಗ ಕಾಣಿಸುತ್ತದೆ.

ಇಲ್ಲಿ ಒಂದು ಎಚ್ಚರ. ಮಿಂಚು ಬೇಡವೇ ಬೇಡ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಬೆಳಕು ಮಿನುಗಿದರೆ ಕೆಲವರಿಗೆ ಫಿಟ್ಸ್ ಬರಬಹುದು. ಓಡುವ ಜೀಪಿನಿಂದ ಅಡಿಕೆ ತೋಟ ಚಿತ್ರೀಕರಿಸಿದರೂ ಮರಗಳ ನಡುವಿನ ಬಿಸಿಲು ಹಾಗೆಯೇ ಮಿನುಗುತ್ತದೆ. ನೋಡಲು ಚಂದ, ಆದರೂ ಅಂಥ ಶಾಟ್ ತೆಗೆದುಹಾಕಿ.

ಶಬ್ದಕ್ಕೆ ತಗಡಿನ ಮಾಡಿನ ಮೇಲೆ ಬೀಳುವ ನಿಜವಾದ ಮಳೆಯನ್ನೇ ರೆಕಾರ್ಡ್ ಮಾಡಿ. ಹಿನ್ನೆಲೆ ಸಂಗೀತ ತುಂಬಬೇಡಿ. ಮಾತು ಚಿಕ್ಕದಿರಲಿ, ಮಗು ಮನೆಯಲ್ಲಿ ಕೇಳುವ ಭಾಷೆಯಲ್ಲಿರಲಿ. ನಮ್ಮಲ್ಲಿ ಒಂದೇ ತರಗತಿಯಲ್ಲಿ ಕನ್ನಡ, ತುಳು, ಮಲಯಾಳಂ ಮನೆಗಳ ಮಕ್ಕಳಿರುತ್ತಾರೆ ಅಲ್ವಾ? ಹಾಗಾಗಿ ಪಕ್ಕದಲ್ಲಿ ಕೂತ ಅಮ್ಮನೇ ಹೇಳಲಿ. ರೆಕಾರ್ಡ್ ಮಾಡಿದ ಧ್ವನಿಗಿಂತ ಅದೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ.

ಇನ್ನು ಸಾಮಾನು. ಗಾಳಿಗೆ ಅಡಿಕೆ ಹಾಳೆಯ ಬೀಸಣಿಗೆ. ಹನಿಗೆ ಸಲೂನಿನಲ್ಲಿರುವಂಥ ಸ್ಪ್ರೇ ಬಾಟಲಿ, ಒಳಗೆ ಉಗುರುಬೆಚ್ಚಗಿನ ನೀರು. ಮೊದಲು ಅಂಗೈಗೆ ಚಿಮುಕಿಸಿ, ಮುಖಕ್ಕೆ ಬೇಡ. ವಾಸನೆಗೆ ತಟ್ಟೆಯಲ್ಲಿ ಒಣಮಣ್ಣು ಹರಡಿ, ಮೂಗಿನ ಹತ್ತಿರ ಹಿಡಿದು ನೀರು ಹಾಕಿ. ಸೆಂಟು, ಅಗರಬತ್ತಿ ಬೇಡ, ಉಬ್ಬಸ ಇರುವವರಿಗೆ ಕಷ್ಟ. ಗೇರುಹಣ್ಣಿನ ವಾಸನೆ ತೋರಿಸುವುದಾದರೆ ಬೀಜ ಕಿತ್ತಿಡಿ, ಹಸಿ ಬೀಜದ ಸೊನೆ ತಾಗಿದರೆ ಚರ್ಮ ಸುಡುತ್ತದೆ. ತಾಯಿಯನ್ನು ಕೇಳದೆ ಬಾಯಿಗೆ ಏನೂ ಕೊಡಬೇಡಿ. ನುಂಗಲು ತೊಂದರೆ ಇರುವ ಮಕ್ಕಳು ತುಂಬಾ ಇರುತ್ತಾರೆ.

ಮಗುವಿನ ಕೈ ಹಿಡಿದು ಎಳೆದು ಮುಟ್ಟಿಸಬೇಡಿ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಅದರ ಮೇಲಿರಲಿ. ಮೊದಲು ನೀವು ಮುಟ್ಟಿ. ಬೇಕೆನಿಸಿದಾಗ ಅದರ ಬೆರಳು ಜಾರಿ ಒದ್ದೆ ಹಾಳೆಯ ಮೇಲಿಳಿಯುತ್ತದೆ. ಬೇಡವೆನಿಸಿದರೆ ಕೈ ಹಿಂದೆ ತೆಗೆದುಕೊಳ್ಳುವ ಸ್ವಾತಂತ್ರ್ಯ ಅದಕ್ಕೇ ಇರುತ್ತದೆ.

ಇಡೀ ಕೆಲಸದ ಜೀವ ಇರುವುದು ಕಾಯುವುದರಲ್ಲಿ. ಪ್ರತಿ ಘಟನೆಯ ಕೊನೆಯ ಚಿತ್ರದಲ್ಲಿ ಸಿನಿಮಾ ನಿಲ್ಲಬೇಕು. ರಿಮೋಟ್ ಹಿಡಿದವರು ತೆರೆಯನ್ನಲ್ಲ, ಮಕ್ಕಳನ್ನು ನೋಡುತ್ತಿರಬೇಕು. ಕೆಲವರಿಗೆ ತಲೆ ತಿರುಗಿಸಲು ಅರ್ಧ ನಿಮಿಷವೂ ಬೇಕು. ಕೊನೆಯ ಮಗುವಿಗೂ ಹನಿ ತಾಗಿದ ಮೇಲೆಯೇ ಮುಂದಿನ ಶಾಟ್. ಆರು ನಿಮಿಷದ ಸಿನಿಮಾಕ್ಕೆ ಅರ್ಧ ಗಂಟೆ ಹಿಡಿದರೆ ಹಿಡಿಯಲಿ.

ಪ್ರದರ್ಶನದ ದಿನ ಪೂರ್ತಿ ಕತ್ತಲೆ ಮಾಡಬೇಡಿ, ಸದ್ದು ಕಮ್ಮಿ ಇಡಿ, ಬಾಗಿಲು ತೆರೆದಿರಲಿ. ಎದ್ದು ಓಡಾಡುವವರು ಓಡಾಡಲಿ, ಕೂಗುವವರು ಕೂಗಲಿ. ಅದೇ ಸಿನಿಮಾವನ್ನು ಅದೇ ಕ್ರಮದಲ್ಲಿ ಪ್ರತಿ ವಾರ ತೋರಿಸಿ. ಬೀಸಣಿಗೆ ಎತ್ತುವ ಮೊದಲೇ ಒಂದು ಮಗು ಮುಖ ಮೇಲೆತ್ತಿದರೆ ಮುಂದೇನು ಅಂತ ಅದಕ್ಕೆ ಗೊತ್ತಾಗಿದೆ ಎಂದು ಅರ್ಥ. ಇಂಥದ್ದನ್ನೆಲ್ಲ ಬರೆದಿಡಿ. ಯಾವ ಶಾಟ್ ಉದ್ದ ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಅದರಿಂದಲೇ ತಿಳಿಯುತ್ತದೆ.

ಶಾಲೆಗೆ ಬರಲಾಗದೆ ಹಾಸಿಗೆಯಲ್ಲೇ ಇರುವ ಮಕ್ಕಳಿದ್ದಾರೆ. ಬೀಸಣಿಗೆ, ಬಾಟಲಿ, ಮಣ್ಣಿನ ಡಬ್ಬಿಯನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ, ಸಿನಿಮಾವನ್ನು ಟ್ಯಾಬ್‌ಗೆ ತುಂಬಿಸಿ ಅವರ ಮನೆಗೇ ಹೋಗಿ ತೋರಿಸಿ. ಹೋಗುವ ಮೊದಲು ಅಮ್ಮನಿಗೆ ಫೋನ್ ಮಾಡಿ, ಔಷಧಿ, ಊಟ, ನಿದ್ದೆಯ ಹೊತ್ತು ಕೇಳಿಕೊಳ್ಳಿ.