ಕುಡಿತ ಬಿಟ್ಟ ಮೇಲಿನ ಒತ್ತಡವನ್ನು ನಿಭಾಯಿಸುವ ಬಗೆ

ಕುಡಿತ ಬಿಟ್ಟು ಕೆಲವು ವಾರ ಕಳೆದವರು ಮನೆಯ ಒಂದು ಜಗಳ, ಸಾಲ ಕೊಟ್ಟವರ ಒಂದು ಫೋನ್ ಕರೆ ಅಥವಾ ನಿದ್ದೆಯಿಲ್ಲದ ಒಂದು ರಾತ್ರಿಯ ನಂತರ ಮತ್ತೆ ಕುಡಿದಾಗ, ಮನಸ್ಸು ಗಟ್ಟಿಯಿಲ್ಲದ್ದೇ ಕಾರಣವೆಂದು ಸುತ್ತಲಿನವರು ತೀರ್ಮಾನಿಸುತ್ತಾರೆ. ಕುಡಿದವರೂ ಅದನ್ನೇ ನಂಬುತ್ತಾರೆ. ಈ ನಂಬಿಕೆ ತಪ್ಪು, ಮತ್ತು ಅದರಿಂದ ಆಗುವ ಹಾನಿ ದೊಡ್ಡದು. ಬಾಟಲಿ ಮನೆಯಿಂದ ಹೊರಹೋದ ದಿನವೇ ದೇಹದ ಒತ್ತಡ ವ್ಯವಸ್ಥೆ ಸರಿಹೋಗುವುದಿಲ್ಲ. ಅದಕ್ಕೆ ವಾರಗಳು, ಹಲವರಲ್ಲಿ ತಿಂಗಳುಗಳು ಬೇಕು.

ಒತ್ತಡ ಎದುರಾದಾಗ ಮಿದುಳಿನ ಹೈಪೊಥಲಾಮಸ್ ಭಾಗವು ಸಿಆರ್‌ಎಫ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿಯು ಎಸಿಟಿಎಚ್ ಹಾರ್ಮೋನನ್ನು ಸ್ರವಿಸುತ್ತದೆ, ಅದು ರಕ್ತದ ಮೂಲಕ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿದಾಗ ಕಾರ್ಟಿಸಾಲ್ ಹೊರಬರುತ್ತದೆ. ಸಾಕಷ್ಟಾದ ಮೇಲೆ ಕಾರ್ಟಿಸಾಲ್ ತಾನೇ ಮಿದುಳಿಗೆ ಸೂಚನೆ ಕೊಟ್ಟು ಈ ಸರಪಳಿಯನ್ನು ನಿಲ್ಲಿಸುತ್ತದೆ. ಮದ್ಯವೂ ಇದೇ ಸರಪಳಿಯನ್ನು ಕೆರಳಿಸುವುದರಿಂದ, ವರ್ಷಗಟ್ಟಲೆ ಕುಡಿದವರಲ್ಲಿ ಅದರ ಹತೋಟಿ ಕೆಡುತ್ತದೆ. ಕುಡಿತ ನಿಲ್ಲಿಸಿದ ಮೊದಲ ದಿನಗಳಲ್ಲಿ ಕಾರ್ಟಿಸಾಲ್ ಏರಿರುತ್ತದೆ. ಆನಂತರ ನಿಜವಾದ ಒತ್ತಡಕ್ಕೆ ಅದು ಬೇಕಾದಷ್ಟು ಸ್ಪಂದಿಸದೆ ಮಂಕಾಗಿರುತ್ತದೆ. ಇದೇ ವೇಳೆ ಭಯ, ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲ ಭಾಗದಲ್ಲಿ ಸಿಆರ್‌ಎಫ್ ಚಟುವಟಿಕೆ ಹೆಚ್ಚಿರುತ್ತದೆ. ಆಗ ಕುಡಿಯಬೇಕೆನಿಸುವುದು ಸಂತೋಷಕ್ಕಲ್ಲ, ಆ ಸಂಕಟ ತೀರಲಿ ಎಂದು.

ಮುಂದಿನ ಸಲಹೆಗಳಿಗಿಂತ ಮೊದಲು ಒಂದು ಎಚ್ಚರಿಕೆ ಅಗತ್ಯ. ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವರು ವೈದ್ಯರ ನೆರವಿಲ್ಲದೆ ಏಕಾಏಕಿ ನಿಲ್ಲಿಸಬಾರದು. ಕೊನೆಯ ಕುಡಿತದ ನಂತರದ 6ರಿಂದ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳಲ್ಲಿ ಜೀವಕ್ಕೇ ಅಪಾಯವಾಗುವ ಸನ್ನಿ ಕಾಣಿಸಬಹುದು.

ಆ ಘಟ್ಟ ದಾಟಿದ ಮೇಲೆ ಒಂದು ಸಣ್ಣ ಪುಸ್ತಕವಿಟ್ಟುಕೊಂಡು, ಕುಡಿಯಬೇಕೆನಿಸಿದಾಗಲೆಲ್ಲ ಸಮಯ, ಅದಕ್ಕೆ ಮೊದಲು ನಡೆದದ್ದು ಮತ್ತು ದೇಹದಲ್ಲಿ ಕಂಡ ಬದಲಾವಣೆಯನ್ನು ಬರೆಯಿರಿ. ಎದೆ ಬಿಗಿಯುವುದು, ದವಡೆ ಕಚ್ಚಿಕೊಳ್ಳುವುದು, ಕಾರಣವಿಲ್ಲದೆ ಸಿಡುಕುವುದು ಹಲವರಲ್ಲಿ ಹಂಬಲಕ್ಕಿಂತ ಮುಂಚೆಯೇ ಬರುತ್ತವೆ. ಎರಡು ವಾರ ಬರೆದರೆ, ಬಾಟಲಿಯನ್ನೋ ಹಳೆಯ ಗೆಳೆಯರನ್ನೋ ನೋಡಿ ಏಳುವ ಹಂಬಲ ಬೇರೆ, ಒತ್ತಡದಿಂದ ಏಳುವ ಹಂಬಲ ಬೇರೆ ಎಂಬುದು ತಿಳಿಯುತ್ತದೆ. ಮೊದಲನೆಯದಕ್ಕೆ ಆ ಜಾಗದಿಂದ ದೂರವಿರುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಎರಡನೆಯದು ಎಲ್ಲಿಗೆ ಹೋದರೂ ಜೊತೆಗೇ ಬರುವುದರಿಂದ ಅದಕ್ಕೆ ಸಿದ್ಧತೆ ಬೇಕು.

ಈ ಸಿದ್ಧತೆಯನ್ನು ಮನಸ್ಸು ಶಾಂತವಾಗಿರುವಾಗಲೇ ಮಾಡಿಕೊಳ್ಳಬೇಕು. ಒತ್ತಡ ತೀವ್ರವಾದಾಗ ಮುಂದಾಲೋಚನೆ ಮಾಡುವ, ತಡೆಹಿಡಿಯುವ ಮಿದುಳಿನ ಮುಂಭಾಗದ ಕೆಲಸ ಕುಂದುತ್ತದೆ. ಹಳೆಯ ಅಭ್ಯಾಸವೇ ಮುಂದೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ವಿವೇಚನೆಯನ್ನು ನಂಬಿ ಕೂರುವುದು ಸರಿಯಲ್ಲ. ಆದ್ದರಿಂದ ‘ಜಗಳವಾದರೆ ಮಾತು ನಿಲ್ಲಿಸಿ ಹೊರಗೆ ನಡೆಯುತ್ತೇನೆ, ನಡೆಯುತ್ತಲೇ ಇಂಥವರಿಗೆ ಫೋನ್ ಮಾಡುತ್ತೇನೆ’ ಎಂಬಂಥ ಒಂದೆರಡು ವಾಕ್ಯಗಳನ್ನು ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಫೋನ್ ಎತ್ತುವವರಿಗೂ ಮೊದಲೇ ತಿಳಿಸಿ. ಹಂಬಲವು ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅದನ್ನು ಹತ್ತಿಕ್ಕಲು ಹೆಣಗಾಡದೆ, ಉಸಿರನ್ನು ನಿಧಾನವಾಗಿ, ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುತ್ತಾ, ದೇಹದಲ್ಲಿ ಅದು ಎಲ್ಲಿದೆ ಎಂದು ಗಮನಿಸಿದರೆ ಆ ಅರ್ಧ ಗಂಟೆಯನ್ನು ದಾಟುವುದು ಸುಲಭವಾಗುತ್ತದೆ.

ನಿದ್ದೆಯ ವಿಷಯವನ್ನು ಬಹಳ ಮಂದಿ ಹಗುರವಾಗಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಷ್ಟೊಂದು ಗಮನ ಬೇಡುವ ವಿಷಯ ಇನ್ನೊಂದಿಲ್ಲ. ಕಾರ್ಟಿಸಾಲ್ ಸಹಜವಾಗಿ ನಡುರಾತ್ರಿಯ ಸುಮಾರಿಗೆ ಕನಿಷ್ಠ ಮಟ್ಟಕ್ಕಿಳಿದು, ಬೆಳಿಗ್ಗೆ ಎದ್ದ 30ರಿಂದ 45 ನಿಮಿಷಗಳಲ್ಲಿ ಗರಿಷ್ಠ ಮಟ್ಟಕ್ಕೇರುತ್ತದೆ. ನಿದ್ದೆ ಕೆಟ್ಟರೆ ಈ ಲಯವೂ ಕೆಡುತ್ತದೆ, ಮರುದಿನದ ಸಣ್ಣ ಕಿರಿಕಿರಿಯೂ ದೊಡ್ಡದಾಗಿ ಕಾಣುತ್ತದೆ. ರಾತ್ರಿ ನಿದ್ದೆ ಬರದಿದ್ದರೂ ಬೆಳಿಗ್ಗೆ ಒಂದೇ ಸಮಯಕ್ಕೆ ಏಳಿ, ಎದ್ದೊಡನೆ ಬೆಳಕಿಗೆ ಬನ್ನಿ, ಮಧ್ಯಾಹ್ನದ ನಂತರ ಕಾಫಿ ಬಿಡಿ. ನಿದ್ದೆ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬೇಡಿ, ಅವುಗಳಲ್ಲಿ ಕೆಲವು ಹೊಸದೊಂದು ಅವಲಂಬನೆಗೆ ದಾರಿಯಾಗುತ್ತವೆ.

ಸಿಆರ್‌ಎಫ್ ಕೆಲಸವನ್ನು ತಡೆಯುವ ಔಷಧಗಳು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಭರವಸೆ ಮೂಡಿಸಿದರೂ ಮನುಷ್ಯರಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಆದರೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳು ಮತ್ತೆ ಕುಡಿತಕ್ಕೆ ಬೀಳುವ ಸಾಧ್ಯತೆಯನ್ನು ತಗ್ಗಿಸುತ್ತವೆ. ನಿಮ್ಮ ಯಕೃತ್ತು, ಮೂತ್ರಪಿಂಡಗಳ ಸ್ಥಿತಿಗೆ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರೇ ಹೇಳಬೇಕು. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯನ್ನು ಮನೆಯವರು ಊಟದಲ್ಲಿ ಗುಟ್ಟಾಗಿ ಬೆರೆಸುವುದು ಅಪಾಯಕರ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಇಷ್ಟೆಲ್ಲ ಮಾಡಿಯೂ ಒಮ್ಮೆ ಕುಡಿದರೆ, ‘ಎಲ್ಲ ಮುಗಿಯಿತು’ ಎಂಬ ನಾಚಿಕೆಯೇ ಹೊಸ ಒತ್ತಡವಾಗಿ ಎರಡನೆಯ ಲೋಟಕ್ಕೆ ಎಳೆಯುತ್ತದೆ. ಉಳಿದದ್ದನ್ನು ಚೆಲ್ಲಿ, ಅದೇ ದಿನ ವೈದ್ಯರಿಗೋ ಆಪ್ತ ಸಮಾಲೋಚಕರಿಗೋ ತಿಳಿಸಿ, ಹಿಂದಿನ ಎರಡು ದಿನಗಳಲ್ಲಿ ನಡೆದದ್ದನ್ನು ಪುಸ್ತಕದಲ್ಲಿ ಬರೆಯಿರಿ. ಮನೆಯವರು ಅಂದು ಲೆಕ್ಕ ಕೇಳುವುದನ್ನು ಬಿಟ್ಟು, ಕುಡಿದವರು ಊಟ ಮಾಡಿ ಮಲಗುವಂತೆ ನೋಡಿಕೊಳ್ಳಲಿ. ಕುಡಿತ ಹಲವು ದಿನ ಮುಂದುವರಿದಿದ್ದರೆ ಮಾತ್ರ, ಮತ್ತೆ ನಿಲ್ಲಿಸುವುದೂ ವೈದ್ಯರ ಕಣ್ಣಳತೆಯಲ್ಲೇ ಆಗಬೇಕು.