ಹಿಮದ ಮೇಲೆ ಆರಾಮಾಗಿ ಅಡ್ಡಾಡಿ: ಸ್ನೋಶೂ ನಡಿಗೆಗೆ ಹೊರಡುವುದು ಹೇಗೆ?

ಸ್ನೋಶೂ ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಬೆಟ್ಟದ ಪಾರ್ಕಿನಲ್ಲಿ ಅದನ್ನು ಹಾಕಿಕೊಂಡು ಸುತ್ತಾಡಲು ಚಳಿಗಾಲ ಮುಗಿಯುತ್ತಾ ಬಂದ ದಿನಗಳೇ ಚೆಂದ. ಹಗಲು ಉದ್ದವಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಹಿಮವೂ ಇನ್ನೂ ಸಾಕಷ್ಟು ಇರುತ್ತದೆ. ಆದರೆ ಈ ಕಾಲದ ಹಿಮ ಬೆಳಿಗ್ಗೆ ಇದ್ದ ಹಾಗೆ ಮಧ್ಯಾಹ್ನ ಇರುವುದಿಲ್ಲ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರ ಬೆಳಿಗ್ಗೆ ಗಟ್ಟಿಯಾಗಿರುತ್ತದೆ, ಸ್ನೋಶೂ ಅಡಿಯ ಲೋಹದ ಹಲ್ಲುಗಳು ಕರಕರ ಅಂತ ಕಚ್ಚಿ ಹಿಡಿಯುತ್ತವೆ. ಬಿಸಿಲೇರಿದರೆ ಅದೇ ಹಿಮ ಒದ್ದೆಯಾಗಿ, ಭಾರವಾಗಿ ಕಾಲಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಬೇಗ ಹೊರಡಿ, ಮಧ್ಯಾಹ್ನದ ಹೊತ್ತಿಗೆ ವಾಪಸ್ ಬನ್ನಿ.

ಹೊರಡುವ ಮೊದಲು ಹವಾಮಾನದ ಜೊತೆಗೆ ಹಿಮಕುಸಿತದ ಮುನ್ಸೂಚನೆಯನ್ನೂ ನೋಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಮತ್ತು ಮೇಲೆ ಜಾರಿದ ಹಿಮ ಕೆಳಗಿನ ಸಮತಟ್ಟು ಜಾಗಕ್ಕೂ ಬಂದು ಬೀಳುತ್ತದೆ, ಹಾಗಾಗಿ ನೀವು ನಡೆಯುವ ದಾರಿ ಸಪಾಟಾಗಿದ್ದರೆ ಸಾಲದು, ಅದರ ಮೇಲೆ ಏನಿದೆ ಅಂತಲೂ ನೋಡಬೇಕು. ಮೊದಲ ಸಲವಾದರೆ ಪಾರ್ಕಿನವರು ಗುರುತು ಹಾಕಿದ ದಾರಿಯನ್ನೇ ಹಿಡಿಯಿರಿ.

ಬಟ್ಟೆಯಲ್ಲಿ ಹತ್ತಿ ಬೇಡವೇ ಬೇಡ. ಬೆವರು ಹೀರಿಕೊಂಡರೆ ಬೇಗ ಒಣಗುವುದಿಲ್ಲ, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆಯನ್ನು ಎರಡು ಮೂರು ಪದರ ಹಾಕಿ, ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೂ ಪರವಾಗಿಲ್ಲ, ಹತ್ತು ನಿಮಿಷ ನಡೆದರೆ ಬೆಚ್ಚಗಾಗುತ್ತೀರಿ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ. ಹಿಮ ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎಸೆಯುತ್ತದೆ, ಗಲ್ಲದ ಅಡಿ, ಮೂಗಿನ ಕೆಳಗೂ ಹಚ್ಚಿ.

ಸ್ನೋಶೂ ಕಟ್ಟುವಾಗ ಬಕಲ್ಲುಗಳು ಹೊರಮಗ್ಗುಲಿಗೆ ಬರಲಿ. ಬೂಟಿನ ಮುಂಭಾಗ ಬಿಗಿಯಾಗಿರಬೇಕು, ಹಿಮ್ಮಡಿ ಮಾತ್ರ ಎತ್ತಲು ಬರಬೇಕು. ನೂರು ಹೆಜ್ಜೆ ನಡೆದ ಮೇಲೆ ಬಗ್ಗಿ ಪಟ್ಟಿಗಳನ್ನು ಇನ್ನೊಮ್ಮೆ ಎಳೆಯಿರಿ, ಸಡಿಲವಾಗಿರುವುದು ಆಗಲೇ ಗೊತ್ತಾಗುವುದು.

ಇನ್ನು ನಡಿಗೆ. ಕಾಲನ್ನು ಮಾಮೂಲಿಗಿಂತ ಸ್ವಲ್ಪ ಅಗಲಿಸಿ, ಇಲ್ಲದಿದ್ದರೆ ಒಂದು ಸ್ನೋಶೂ ಇನ್ನೊಂದನ್ನು ತುಳಿಯುತ್ತದೆ. ಏರುವಾಗ ಮುಂಗಾಲನ್ನು ಹಿಮಕ್ಕೆ ಒತ್ತಿ ಊರಿ. ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ಚಿಕ್ಕ ಚಿಕ್ಕ ಹೆಜ್ಜೆ ಇಡಿ. ಹಿಂದಕ್ಕೆ ಹೆಜ್ಜೆ ಹಾಕಬೇಡಿ, ಸ್ನೋಶೂ ಬಾಲ ಹಿಮದಲ್ಲಿ ಸಿಕ್ಕಿ ಬೀಳುತ್ತೀರಿ. ತಿರುಗಬೇಕಾದರೆ ನಿಧಾನವಾಗಿ ಸುತ್ತು ಹಾಕಿ ತಿರುಗಿ. ಹಿಮದಲ್ಲಿ ಹೂತುಹೋಗದಂತೆ ತುದಿಯ ಹತ್ತಿರ ಅಗಲ ಬಿಲ್ಲೆ ಇರುವ ಊರುಗೋಲು ಜೊತೆಗಿದ್ದರೆ ಇದೆಲ್ಲ ಜಾಸ್ತಿ ಸಲೀಸು. ಸ್ಕೀ ಮಾಡುವವರು ಹಾಕಿದ ಜಾಡನ್ನು ದಯವಿಟ್ಟು ತುಳಿಯಬೇಡಿ, ಪಕ್ಕದಲ್ಲಿ ನಡೆಯಿರಿ.

ಎರಡು ಕಡೆ ಮಾತ್ರ ವಿಶೇಷ ಎಚ್ಚರ ಬೇಕು. ಕೊಂಬೆ ಕೆಳಗಿಳಿದ ದೊಡ್ಡ ಮರಗಳ ಬುಡದಲ್ಲಿ ಹಿಮ ಸಡಿಲವಾಗಿ ಗುಂಡಿ ಇರುತ್ತದೆ, ಮೇಲಿಂದ ನೋಡಿದರೆ ತಿಳಿಯುವುದೇ ಇಲ್ಲ. ತೊರೆಗಳ ಮೇಲಿನ ಹಿಮವೂ ಅಷ್ಟೇ, ಈ ಕಾಲದಲ್ಲಿ ಅಡಿಯಿಂದ ಕರಗಿ ಟೊಳ್ಳಾಗಿರುತ್ತದೆ. ನೀರಿನ ಸದ್ದು ಕೇಳಿಸಿತೋ, ಅಲ್ಲೇ ನಿಂತು ಬೇರೆ ದಾರಿ ನೋಡಿ.

ಮಾಮೂಲಿ ನಡಿಗೆಯ ಅರ್ಧದಷ್ಟು ದೂರ ಮಾತ್ರ ಲೆಕ್ಕ ಹಾಕಿಕೊಳ್ಳಿ, ಎಷ್ಟು ಗಂಟೆಗೆ ಹಿಂತಿರುಗಬೇಕು ಅಂತ ಮೊದಲೇ ಗೊತ್ತು ಮಾಡಿ ಮನೆಯವರಿಗೂ ಹೇಳಿ. ಮಧ್ಯೆ ಒಂದು ಬಿಸಿಲು ಬೀಳುವ ಬಯಲು ಸಿಕ್ಕರೆ ಚೀಲ ಹಾಸಿ ಕೂತುಕೊಳ್ಳಿ. ಫ್ಲಾಸ್ಕಿನಿಂದ ಬಿಸಿ ಬಿಸಿಯಾಗಿ ಏನಾದರೂ ಕುಡಿಯುತ್ತಾ ಕೂತರೆ, ಕೊಂಬೆಯಿಂದ ಹಿಮದ ಮುದ್ದೆ ಜಾರಿ ಧೊಪ್ಪೆಂದು ಬೀಳುವುದು, ಭಾರ ಇಳಿದ ಕೊಂಬೆ ಮೇಲಕ್ಕೆದ್ದು ತೂಗಾಡುವುದು ಕಾಣುತ್ತದೆ.