ಮೊಳೆಗೆ ಮರಳಿದ ಕೀಲಿಕೈ: ಓದುಗರ ಕಣ್ಣು ತೇವವಾಗುವ ಸನ್ನಿವೇಶ ನನಗೆ ದಕ್ಕಿದ ಬಗೆ

ನನ್ನ ಮೂರನೆಯ ಕಾದಂಬರಿಯ ಮೂವತ್ತೆಂಟನೆಯ ಕಂತು ಹೊರಬಿದ್ದ ರಾತ್ರಿ ಇನ್ನೂರಕ್ಕೂ ಹೆಚ್ಚು ಪತ್ರಗಳು ಬಂದವು. ಅದಕ್ಕೆ ಮೊದಲು ಒಂದು ಕಂತಿಗೆ ಹದಿನೈದು ಬಂದರೆ ಹೆಚ್ಚು. ಆ ಕಂತಿನಲ್ಲಿ ಕಾಳಗವಿಲ್ಲ, ಮಂತ್ರವಿಲ್ಲ, ಯಾರೂ ಸಾಯುವುದಿಲ್ಲ. ಬೀಗ ರಿಪೇರಿ ಮಾಡುವ ಹೆಂಗಸೊಬ್ಬಳು ಮನೆಯ ಹೊರಗಿನ ಮೊಳೆಗೆ ಒಂದು ಕೀಲಿಕೈ ನೇತುಹಾಕುತ್ತಾಳೆ, ಅಷ್ಟೇ.

"ಭೂತಪ್ರೇತದ ಕಥೆ ಓದುವವರಿಗೆ ಓಟ ಬೇಕು, ಹೊಡೆದಾಟ ಬೇಕು. ನಿನ್ನ ಕಣ್ಣೀರು ಯಾರಿಗೆ ಬೇಕು?" ಎಂದು ಐದು ವರ್ಷ ಹೇಳುತ್ತಲೇ ಬಂದ ಗೆಳೆಯರಲ್ಲಿ ಇಬ್ಬರು ಆ ವಾರ ತಾವಾಗಿಯೇ ಫೋನ್ ಮಾಡಿ ಅದನ್ನು ಹೇಗೆ ಸಾಧಿಸಿದೆ ಎಂದು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಬರೆಯುವುದು ಅರ್ಬನ್ ಫ್ಯಾಂಟಸಿ, ಅಂದರೆ ಇಂದಿನ ಊರುಕೇರಿಯಲ್ಲೇ ಭೂತಗಳು, ಅತಿಮಾನುಷರು ಓಡಾಡುವ ಕಥೆ. ಆ ಅತಿಮಾನುಷರು ಕರೆಯದೆ ಹೊಸ್ತಿಲು ದಾಟಲಾಗದ ನಿಯಮ ಎಲ್ಲಿಂದ ಬಂತು, ಕಬ್ಬಿಣ ಕಂಡರೆ ಅವರಿಗೇಕೆ ಆಗದು ಎಂಬುದನ್ನೆಲ್ಲ ವಿವರಿಸುವುದಿಲ್ಲ. ಇದನ್ನು ಓದುವವರು ಬರೆಯುವವರೇ.

ಮೊದಲ ಕಾದಂಬರಿಯಿಂದ ಶುರುಮಾಡುತ್ತೇನೆ. ಐದುನೂರು ಪ್ರತಿ ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದೆ. ಹೆಚ್ಚುಕಡಿಮೆ ಮೂರು ತಿಂಗಳ ಸಂಬಳ ಅದಕ್ಕೇ ಹೋಯಿತು. ಎರಡು ವರ್ಷದಲ್ಲಿ ನೂರನಲವತ್ತೋ ನೂರೈವತ್ತೋ ಖರ್ಚಾದವು. ಉಳಿದವು ಈಗಲೂ ಮಂಚದ ಕೆಳಗಿವೆ. ಅದರಲ್ಲಿ ನಾನು ಬಹಳ ನೆಚ್ಚಿಕೊಂಡಿದ್ದ ಭಾಗ ಬೀದಿದೀಪದ ಭೂತದ ಸಾವು. ಆ ಭೂತ ತನ್ನ ಕಂಬದ ಬೆಳಕು ಬೀಳುವಷ್ಟು ನೆಲದಲ್ಲಿ ಮಾತ್ರ ಇರಬಲ್ಲದು. ನಾಯಕಿಯನ್ನು ಉಳಿಸಲು ಅದು ಕತ್ತಲಿಗೆ ಕಾಲಿಟ್ಟು ಕರಗಿಹೋಗುತ್ತದೆ. ಎಂಟು ಪುಟ ಬರೆದಿದ್ದೆ. ಓದಿದವರಲ್ಲಿ ಒಬ್ಬರಾದರೂ ಆ ಪುಟಗಳ ಮಾತೆತ್ತಲಿಲ್ಲ.

ತಪ್ಪು ಎಲ್ಲಿದೆ ಎಂದು ಗೊತ್ತಾಗಲು ಒಂದೂವರೆ ವರ್ಷ ಬೇಕಾಯಿತು. ಬೆಳಕಿನಾಚೆ ಹೋದರೆ ಭೂತ ಕರಗುತ್ತದೆ ಎಂಬ ನಿಯಮವನ್ನು ನಾನು ಓದುಗರಿಗೆ ಹೇಳಿದ್ದು ಅದು ಕರಗುವುದಕ್ಕೆ ಎರಡು ಪುಟ ಮೊದಲು. ಸಾಲದ ಸುದ್ದಿಯೂ ತೀರುವಳಿಯ ಸುದ್ದಿಯೂ ಒಟ್ಟಿಗೇ ಬಂದರೆ ಆ ಸಾಲದ ಭಾರ ಯಾರ ಹೆಗಲಿಗೂ ತಾಗುವುದಿಲ್ಲ.

ಎರಡನೆಯದನ್ನು ಧಾರಾವಾಹಿಯಾಗಿ ಬರೆದೆ. ಓದಿದವರ ಸಂಖ್ಯೆ ನೋಡಿ ಗೌರವಧನ ಕೊಡುವ ಒಪ್ಪಂದ. ಇಪ್ಪತ್ತೆರಡನೆಯ ಕಂತಿಗೆ ನಿಲ್ಲಿಸಿದರು. ಕೊನೆಯ ಎರಡು ತಿಂಗಳ ಹಣ ಇವತ್ತಿಗೂ ಬಂದಿಲ್ಲ. ಅದರಲ್ಲಿ ಪಶ್ಚಾತ್ತಾಪದ ಕಥೆ ಹಿಡಿದಿದ್ದೆ: ದ್ರೋಹ ಬಗೆದವನು ಅಳುತ್ತಾನೆ, ತಪ್ಪೊಪ್ಪಿಕೊಳ್ಳುತ್ತಾನೆ, ಕ್ಷಮೆ ಪಡೆಯುತ್ತಾನೆ, ಮುಂದಿನ ಕಂತಿನಲ್ಲಿ ಗುಂಡಿಗೆ ಎದೆಯೊಡ್ಡಿ ಸಾಯುತ್ತಾನೆ. ನಮ್ಮ ಪ್ರಕಾರದಲ್ಲಿ ಇದು ಎಲ್ಲರೂ ತುಳಿಯುವ ಹಾದಿ. ಸತ್ತವನ ಮೇಲೆ ಯಾರೂ ಮತ್ತೆ ನಂಬಿಕೆ ಇಡಬೇಕಾಗಿಲ್ಲ, ಆದ್ದರಿಂದ ಲೇಖಕನಿಗೆ ಅದು ಸುಲಭ. ಬದುಕಿ ಉಳಿದವನನ್ನು ಮರುದಿನ ಬೆಳಿಗ್ಗೆ ಮನೆಯೊಳಗೆ ಬಿಟ್ಟುಕೊಳ್ಳುವುದು ಕಷ್ಟ. ಆ ಬೆಳಿಗ್ಗೆಯನ್ನು ಬರೆಯುವ ಧೈರ್ಯ ನನಗೆ ಆಗ ಇರಲಿಲ್ಲ.

ನಿಂತ ಧಾರಾವಾಹಿಯ ದುಃಖದಲ್ಲಿ ಮೂರು ತಿಂಗಳು ಏನನ್ನೂ ಬರೆಯಲಿಲ್ಲ. ಹಳೆಯ ಕಥೆಗಳನ್ನು ಮತ್ತೆ ಓದಿದೆ. ಧರ್ಮರಾಯ ಸ್ವರ್ಗದ ರಥದ ಮುಂದೆ ನಿಂತು ನಾಯಿಯನ್ನು ಬಿಟ್ಟುಬರಲಾರೆ ಎನ್ನುವ ಜಾಗಕ್ಕೆ ಬಂದಾಗ ನಿಂತೆ. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಆ ಸಲ ಕಸುಬುದಾರನ ಕಣ್ಣಿನಿಂದ ನೋಡಿದೆ. ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದು ಇಂದ್ರ ಮೊದಲೇ ಹೇಳಿಬಿಡುತ್ತಾನೆ. ತಮ್ಮಂದಿರು, ದ್ರೌಪದಿ ಎಲ್ಲರೂ ದಾರಿಯಲ್ಲೇ ಬಿದ್ದಿದ್ದಾರೆ. ಬೆಲೆ ಎಷ್ಟೆಂದು ನಮಗೂ ಗೊತ್ತು, ಅವನಿಗೂ ಗೊತ್ತು. ಆ ನಾಯಿ ಧರ್ಮದೇವತೆಯೆಂದು ತಿಳಿಯುವುದು ಅವನು ಒಲ್ಲೆ ಎಂದ ಮೇಲೆ. ಮೊದಲೇ ತಿಳಿದಿದ್ದರೆ ಅಲ್ಲಿ ನಿಷ್ಠೆಯೇ ಇಲ್ಲ, ಬರೀ ಜಾಣತನ.

ಪುಣ್ಯಕೋಟಿಯ ಕಥೆಯೂ ಹಾಗೆಯೇ. ನಮ್ಮ ಗಂಟಲು ಕಟ್ಟುವುದು ಹುಲಿ ಹಾರಿ ಪ್ರಾಣ ಬಿಡುವಾಗಲ್ಲ, ಹಸು ತನ್ನ ಕರುವನ್ನು ಉಳಿದ ಹಸುಗಳ ಕೈಗೊಪ್ಪಿಸುವಾಗ. ಹುಲಿ ಎದುರಿಗಿಲ್ಲ, ನೋಡುವವರಿಲ್ಲ, ಓಡಿಹೋಗಬಹುದು. ಆದರೂ ಅದು ಹೋಗುವ ಸಿದ್ಧತೆಯನ್ನೇ ಮಾಡುತ್ತದೆ.

ಅಲ್ಲಿಂದ ನಾನು ಒಂದು ಲೆಕ್ಕದ ಪುಸ್ತಕ ಇಟ್ಟೆ. ನಿಜವಾದ ಲೆಕ್ಕದ ಪುಸ್ತಕ, ಕೆಂಪು ಗೆರೆಯದು. ಎಡಗಡೆ ಆ ಲೋಕದ ನಿಯಮ ಮತ್ತು ಅದನ್ನು ಮೀರಿದರೆ ತೆರಬೇಕಾದ ಬೆಲೆ. ಬಲಗಡೆ ಓದುಗರಿಗೆ ಅದು ಯಾವ ಕಂತಿನಲ್ಲಿ ಮೊದಲು ತಿಳಿಯುತ್ತದೆ, ಯಾವ ಕಂತಿನಲ್ಲಿ ಯಾರೋ ಒಬ್ಬರಿಗೆ ಅದು ನೋವು ಕೊಡುತ್ತದೆ, ಯಾವ ಕಂತಿನಲ್ಲಿ ನಮ್ಮವರು ಅದನ್ನು ತೆರುತ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಹತ್ತು ಕಂತಾದರೂ ಇರಬೇಕು ಎಂದು ಹಟ ಹಿಡಿದೆ. ಹೀಗೆ ಹೊಂದಿಸಿದ ಒಂಬತ್ತು ಸಾಲುಗಳಲ್ಲಿ ಆರು ಕೆಲಸ ಮಾಡಿದವು. ನನ್ನ ಮಟ್ಟಿಗೆ ಅದು ದೊಡ್ಡ ಗೆಲುವು.

ಕೀಲಿಕೈಯ ಸಾಲು ಹೀಗಿತ್ತು. ಬೀಗದವಳಿಗೆ ಒಬ್ಬ ತಮ್ಮ. ಅಕ್ಕನ ಗುಪ್ತನಾಮವನ್ನು (ಅದು ತಿಳಿದವರಿಗೆ ಅವಳ ಮೇಲೆ ಹಿಡಿತ ಸಿಗುತ್ತದೆ) ಅತಿಮಾನುಷರಿಗೆ ಮಾರಿ, ಆ ವ್ಯವಹಾರದಲ್ಲಿ ತಾನೂ ಅರ್ಧ ಅವರಂತಾಗಿದ್ದಾನೆ. ಈಗ ಕರೆಯದೆ ಯಾವ ಮನೆಗೂ ಹೋಗಲಾರ, ಕಬ್ಬಿಣ ಮುಟ್ಟಿದರೆ ಅವನ ಚರ್ಮ ಸುಡುತ್ತದೆ. ಇನ್ನೊಂದು ನಿಯಮವನ್ನು ಏಳನೆಯ ಕಂತಿನಲ್ಲಿ ಬೇರೆ ಯಾರದೋ ಜಗಳದ ನಡುವೆ ತೂರಿಸಿದ್ದೆ: ಮನೆಯವರೇ ಒಪ್ಪಿ ಕೊಟ್ಟ ಕೀಲಿಕೈ ಯಾರ ಬಳಿ ಇದೆಯೋ ಅವರು ಅತಿಥಿಯಲ್ಲ, ಅವರಿಗೆ ಕರೆ ಬೇಕಿಲ್ಲ. ಮೆಟ್ಟಿಲ ಪಕ್ಕದ ಮೊಳೆಯಲ್ಲಿ ಮೊದಲು ತಮ್ಮನ ಕೀಲಿಕೈ ತೂಗುತ್ತಿತ್ತು, ತಡವಾಗಿ ಬರುವವನೆಂದು. ದ್ರೋಹದ ನಂತರ ಅವಳು ಅದನ್ನು ತೆಗೆದಳು. ಬರಿಯ ಮೊಳೆ ಎರಡು ಸಲ ಕಾಣಿಸುತ್ತದೆ. ಒಮ್ಮೆ ಮಳೆನೀರು ಅದರ ತುದಿಯಿಂದ ತೊಟ್ಟಿಕ್ಕುವಾಗ, ಇನ್ನೊಮ್ಮೆ ಅವಳ ಸೆರಗು ಅದಕ್ಕೆ ಸಿಕ್ಕಿಕೊಂಡಾಗ. ಎರಡರಲ್ಲೂ ತಮ್ಮನ ಹೆಸರಿಲ್ಲ.

ಮೂವತ್ತೆಂಟನೆಯ ಕಂತಿನಲ್ಲಿ ಅವನು ರಾತ್ರಿಯಿಡೀ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನುಕೊಟ್ಟು ಕುಳಿತು ಅಕ್ಕನಿಗಾಗಿ ಬಂದ ಅತಿಮಾನುಷರನ್ನು ತಡೆಯುತ್ತಾನೆ. ಬಾಗಿಲು ತಟ್ಟುವುದಿಲ್ಲ, ಅಕ್ಕಾ ಎಂದು ಕರೆಯುವುದೂ ಇಲ್ಲ. ನಸುಕಿನಲ್ಲಿ ಬಾಗಿಲು ಗೇಣಗಲ ತೆರೆಯುತ್ತದೆ. ಒಂದು ಕೈ ಹೊರಬಂದು ಮೊಳೆಗೆ ಕೀಲಿಕೈ ಹಾಕಿ ಒಳಹೋಗುತ್ತದೆ. ಬಾಗಿಲು ಮುಚ್ಚುತ್ತದೆ, ಒಳಗಿನಿಂದ ಬೀಗ ಬಿದ್ದ ಸದ್ದು ಕೇಳುತ್ತದೆ. ಅವನು ಎದ್ದು, ಸುಟ್ಟರೆ ಸುಡಲಿ ಎಂದು ಹಲ್ಲು ಕಚ್ಚಿ ಕೈ ಚಾಚುತ್ತಾನೆ. ಬೆರಳಿಗೆ ಕಬ್ಬಿಣ ತಾಗುವುದಿಲ್ಲ. ಹಿಡಿಯುವ ತುದಿಗೆ ಹತ್ತಿಯ ನೂಲು ಸುತ್ತಿದೆ, ಒತ್ತೊತ್ತಾಗಿ, ಎಳೆಯ ಪಕ್ಕಕ್ಕೆ ಎಳೆ. ಅಷ್ಟು ಸುತ್ತಲು ಗಂಟೆಗಟ್ಟಲೆ ಬೇಕು. ಅವನು ಹೊರಗೆ ಕಾವಲು ಕುಳಿತಿದ್ದಾಗ ಅವಳು ಒಳಗೆ ಕುಳಿತು ಏನು ಮಾಡುತ್ತಿದ್ದಳು ಎಂಬುದನ್ನು ಆ ನೂಲೇ ಹೇಳುತ್ತದೆ. ಕಂತು ಅಲ್ಲಿಗೆ ಮುಗಿಯುತ್ತದೆ.

ಕರಡು ಓದಿದ ಸಂಪಾದಕರೊಬ್ಬರು ಎರಡು ಬದಲಾವಣೆ ಕೇಳಿದರು. ಒಂದು, ಅವಳು "ಕ್ಷಮಿಸಿದ್ದೇನೆ" ಎನ್ನಬೇಕು. ಎರಡು, ಒಳಗಿನಿಂದ ಬೀಗ ಹಾಕುವುದು ಕಠೋರವಾಯಿತು, ತೆಗೆದುಹಾಕಿ. ಎರಡನ್ನೂ ನಾನು ಒಪ್ಪಲಿಲ್ಲ. ಬೀಗ ಇದ್ದರೆ ತಾನೇ ಕೀಲಿಕೈಗೆ ಅರ್ಥ? ಬಾಗಿಲು ತೆರೆದಿಟ್ಟರೆ ಅದು ಔದಾರ್ಯ. ಬೀಗ ಹಾಕಿ ಕೀಲಿಕೈ ಕೊಟ್ಟರೆ ಅವನು ಮತ್ತೆ ಆ ಮನೆಯವನು. ಬಂದ ಪತ್ರಗಳಲ್ಲಿ ಮೂರರಲ್ಲೊಂದು ಪಾಲು ಆ ಬೀಗದ ಸದ್ದನ್ನೇ ಎತ್ತಿ ಹೇಳಿದ್ದವು. ಆ ಪತ್ರಗಳನ್ನು ತೆಗೆದಿಟ್ಟಿದ್ದೇನೆ.

ನೂಲುಂಡೆ ಆ ಮನೆಗೆ ಹೇಗೆ ಬಂತು, ಮೊದಲು ಯಾವ ಕಂತಿನಲ್ಲಿ ಯಾರ ಕೈಯಲ್ಲಿ ಕಾಣಿಸಿಕೊಂಡಿತು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದನ್ನು ನಾಲ್ಕನೆಯ ಪುಸ್ತಕದಲ್ಲಿ ಇನ್ನೊಮ್ಮೆ ಬಳಸಬೇಕಾಗಿದೆ.

ಯಾರ ಕಣ್ಣಿನಿಂದ ಹೇಳುವುದು ಎಂಬುದಕ್ಕೆ ಬಹಳ ದಿನ ಹಿಡಿಯಿತು. ಮೊದಲು ಅಕ್ಕನಿಂದ ಹೇಳಿಸಿದೆ. ನೂಲು ಸುತ್ತುತ್ತಾ ಕೂತವಳ ಮನಸ್ಸೆಲ್ಲ ಹರಿದುಬಂತು, ಬೆರಗು ಸತ್ತುಹೋಯಿತು. ತಮ್ಮನಿಂದ ಹೇಳಿಸಿದೆ. ಅವನು ತನ್ನನ್ನೇ ಮರುಗಿಕೊಳ್ಳತೊಡಗಿದ. ಕೊನೆಗೆ ಬೀದಿದೀಪದ ಭೂತಕ್ಕೆ ಕೊಟ್ಟೆ. ಹೌದು, ಮೊದಲ ಪುಸ್ತಕದಲ್ಲಿ ಕರಗಿಸಿದ ಭೂತವೇ. ಈ ಪುಸ್ತಕದಲ್ಲಿ ಅದನ್ನು ಹೊಸದಾಗಿ ಕಟ್ಟಿದ್ದೇನೆ, ಇಲ್ಲಿ ಅದು ಸಾಯುವುದಿಲ್ಲ. ಅದರ ಬೆಳಕು ಮೂರನೆಯ ಮೆಟ್ಟಿಲಿನವರೆಗೆ ಮಾತ್ರ ಬೀಳುತ್ತದೆ, ಮೊಳೆ ಅಂಚಿನಲ್ಲಿದೆ. ಕಾಣುವುದಷ್ಟನ್ನೇ ಅದು ಹೇಳುತ್ತದೆ: ಕೈ, ಕೀಲಿಕೈ, ನೂಲು. ಅರ್ಥ ಮಾಡಿಕೊಳ್ಳುವ ಕೆಲಸ ಓದುಗರಿಗೆ ಉಳಿಯಿತು. ಅವರಿಗೆ ಕೆಲಸ ಉಳಿದಾಗಲೇ ಕಣ್ಣು ತೇವವಾಗುತ್ತದೆ ಎಂದು ನಾನು ಈಗ ನಂಬುತ್ತೇನೆ.

ಆ ಭೂತದ ಕಥೆಯಲ್ಲಿ ನಿಷ್ಠೆಯೂ ಈಗ ಬೇರೆ ಬಗೆಯದು. ಸಾವಿನ ಬದಲು ದಿನದಿನದ ರೂಢಿ. ಬೀಗದವಳು ಪ್ರತಿ ರಾತ್ರಿ ಹತ್ತು ನಿಮಿಷ ಸುತ್ತಿ ಆ ಕಂಬದ ದಾರಿಯಲ್ಲೇ ಮನೆಗೆ ಹೋಗುತ್ತಾಳೆ, ಅದಕ್ಕೆ ಮಾತಾಡಲು ಬೇರೆ ಯಾರೂ ಇಲ್ಲವೆಂದು. ಕಾಲು ಉಳುಕಿದ ದಿನವೂ ಹಾಗೆಯೇ ಹೋಗುತ್ತಾಳೆ. ನೇರ ದಾರಿ ಇನ್ನೊಂದಿದೆ ಎಂದು ಭೂತಕ್ಕೆ ತಿಳಿಯುವುದು ಮೂವತ್ತನೆಯ ಕಂತಿನಲ್ಲಿ, ಅದೂ ಒಬ್ಬ ಅಂಚೆಯವನ ಬಾಯಿಂದ. ಇದನ್ನು ಬರೆಯಲು ಒಂದೇ ಸಂಜೆ ಸಾಕಾಯಿತು. ಮೊದಲ ಪುಸ್ತಕದ ಎಂಟು ಪುಟಕ್ಕಿಂತ ಈ ಅರ್ಧ ಪುಟವನ್ನು ಹೆಚ್ಚು ಜನ ನೆನಪಿಟ್ಟುಕೊಂಡಿದ್ದಾರೆ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದಿದ್ದೆ. 1925ರಲ್ಲಿ ತೀರಿಕೊಂಡ ಒಡೆಯನಿಗಾಗಿ 1935ರಲ್ಲಿ ತಾನು ಸಾಯುವವರೆಗೂ ಟೋಕಿಯೊದ ಶಿಬುಯಾ ನಿಲ್ದಾಣದಲ್ಲಿ ಕಾದ ಹಚಿಕೊ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ರೈಲು ನಿಲ್ದಾಣದಲ್ಲಿ ಕಾಯುವ ಪ್ರೇತನಾಯಿಯೊಂದನ್ನು ಎರಡು ಕಂತು ಬರೆದೆ. ಕೈಗೂಡಲಿಲ್ಲ. ಕಾಯುವುದು ನಾಯಿ ಎಂದ ಕೂಡಲೇ ಓದುಗರು ಅಳಲು ಸಿದ್ಧರಾಗಿಬಿಡುತ್ತಾರೆ, ಸಿದ್ಧರಾದವರನ್ನು ಅಳಿಸುವುದು ಕಷ್ಟ. ಆದರೆ ಆ ನಿಜಕಥೆಯ ಒಂದು ವಿವರ ನನ್ನಲ್ಲಿ ಉಳಿಯಿತು. ಹಚಿಕೊನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದು 1934ರಲ್ಲಿ, ಅದು ಇನ್ನೂ ಬದುಕಿದ್ದಾಗಲೇ. ತನ್ನದೇ ಪ್ರತಿಮೆಯ ಪಕ್ಕದಲ್ಲಿ ಕಾಯುತ್ತಿದ್ದ ನಾಯಿ! ಇದನ್ನು ಎಲ್ಲಾದರೂ ಬಳಸಲೇಬೇಕೆಂದು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಕಂತುಗಳನ್ನು ನಾಲ್ಕಾರು ಜನರ ಮುಂದೆ ಗಟ್ಟಿಯಾಗಿ ಓದಿ, ಅವರು ಎಲ್ಲಿ ಅಲುಗಾಡದೆ ಕುಳಿತರು ಎಂದು ಅಂಚಿನಲ್ಲಿ ಗುರುತು ಹಾಕಿದೆ. ಕಣ್ಣೀರು, ಬಿಕ್ಕು, ಎದೆ ತುಂಬಿ ಬಂತು ಎಂಬ ಮಾತುಗಳಿದ್ದ ಕಡೆಗಳಲ್ಲೆಲ್ಲ ಜನ ಕುರ್ಚಿಯಲ್ಲಿ ಸರಿದು ಕುಳಿತಿದ್ದರು. ಮೊದಲ ಕರಡಿನಲ್ಲಿ ಕಣ್ಣೀರು ಎಂಬ ಪದ ನಲವತ್ತಕ್ಕೂ ಹೆಚ್ಚು ಸಲ ಇತ್ತು. ಅಚ್ಚಿಗೆ ಹೋದಾಗ ಉಳಿದದ್ದು ಎರಡು, ಅವೂ ಈರುಳ್ಳಿ ಹೆಚ್ಚುವಾಗಿನವು.

ನಂಬಿಕೆಯ ವಿಷಯದಲ್ಲಿ ನಾನಿನ್ನೂ ಕಲಿಯುತ್ತಿದ್ದೇನೆ. ನಮ್ಮ ಪ್ರಕಾರದಲ್ಲಿ ಪವಿತ್ರ ವಸ್ತು ಕೆಲಸ ಮಾಡುವುದು ಹಿಡಿದವರ ನಂಬಿಕೆಯಿಂದ ಎಂಬ ಮಾತು ಬಹಳ ಹಳೆಯದು. ಅದನ್ನು ದೇವರ ವಿಗ್ರಹದಿಂದ ಬಿಡಿಸಿ ದಿನದ ಕೆಲಸಕ್ಕೆ ಕಟ್ಟಬೇಕೆಂದು ಆಸೆಪಟ್ಟೆ. ಹಾಗೆ ಹುಟ್ಟಿದವನು ಕೊನೆಯ ಬಸ್ಸಿನ ಚಾಲಕ. ಒಂಬತ್ತು ವರ್ಷದಿಂದ ಯಾರೂ ಹತ್ತದ ನಿಲ್ದಾಣದಲ್ಲಿ ಅವನು ಪ್ರತಿ ರಾತ್ರಿ ಬಸ್ ನಿಲ್ಲಿಸಿ, ಬಾಗಿಲು ತೆರೆದು, ಇಪ್ಪತ್ತು ಎಣಿಸಿ ಹೊರಡುತ್ತಾನೆ. ಕೇಳಿದರೆ "ನಿಲ್ದಾಣ ಅಂದಮೇಲೆ ನಿಲ್ಲಬೇಕಲ್ಲವೇ" ಎನ್ನುತ್ತಾನೆ. ಅಲ್ಲಿ ಒಬ್ಬರು ಕಾಯುತ್ತಿರುವುದು ಓದುಗರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇದನ್ನು ಮೂರನೆಯ ಪುಸ್ತಕಕ್ಕೆ ಸೇರಿಸಲು ನಾಲ್ಕು ಸಲ ಪ್ರಯತ್ನಿಸಿ ಕೈಬಿಟ್ಟೆ. ಕಾಯುತ್ತಿದ್ದವರು ಬಸ್ ಹತ್ತಿದ ಕ್ಷಣ ಅವನ ನಂಬಿಕೆಗೆ ಪುರಾವೆ ಸಿಕ್ಕಿಬಿಡುತ್ತದೆ, ನಂಬಿಕೆ ಬರಿಯ ಲೆಕ್ಕವಾಗಿಬಿಡುತ್ತದೆ. ಹತ್ತದೇ ಹೋದರೆ ಓದುಗರು ನನ್ನನ್ನು ಕ್ಷಮಿಸುವುದಿಲ್ಲ.

ಹಣದ ಮಾತಿಗೆ ಬಂದರೆ, ಮೂರನೆಯದು ಮೊದಲೆರಡರ ನಷ್ಟವನ್ನು ತುಂಬಿಕೊಟ್ಟು, ಇನ್ನೂ ನಾಲ್ಕೈದು ತಿಂಗಳ ಸಂಬಳದಷ್ಟು ಉಳಿಸಿತು. ಪ್ರಕಾಶಕರು ಎರಡನೆಯ ಮುದ್ರಣಕ್ಕೆ ತಾವೇ ಮುಂದೆ ಬಂದರು. ಆ ಹಣದ ಬಲದಿಂದ ಈಗ ಆರು ತಿಂಗಳು ಬರವಣಿಗೆಯೊಂದನ್ನೇ ಮಾಡುತ್ತಿದ್ದೇನೆ. ನಾಲ್ಕನೆಯದು ಆ ಚಾಲಕನಿಂದಲೇ ಶುರುವಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಅವನ ಎಡಗಡೆಯ ಸಾಲು ತುಂಬಿದೆ, ಬಲಗಡೆ ಖಾಲಿ. ಹನ್ನೊಂದು ಪುಟ ಆಗಿದೆ, ಬಸ್ ಇನ್ನೂ ಆ ನಿಲ್ದಾಣಕ್ಕೆ ಬಂದಿಲ್ಲ.